ಬೋರ್ಡಿನ ಕೆಳಗೆ ಇನ್ನೊಂದು ಸಾಲು

ದುಮ್ಮವಾಡದ ಬಸ್ಸಿಗೆ ಕಾಯುತ್ತಿದ್ದ ಸುವರ್ಣಾಳ ಕಿವಿಗೆ ಪಕ್ಕದ ಅಣ್ಣ-ತಂಗಿಯ ಮಾತು ಬಿತ್ತು. ನಡೆಯಲಾಗದ ತಂಗಿ ನೀಲಾ ಬ್ಯಾಟರಿಯ ಮೂರು ಗಾಲಿ ಗಾಡಿಯಲ್ಲಿ ಕುಳಿತಿದ್ದಳು.

"ಕೆರಿ ಪಾರ್ಕಿನಾಗ ನಿನ್ನ ಬಿಡಲಿಲ್ಲಂತ?"

"ಹೌದಣ್ಣಾ. ಗಾಡಿ ಒಳಗ ಬಿಡಂಗಿಲ್ಲ ಅಂತ ಬೋರ್ಡ್ ಐತೆಲ್ಲಾ."

"ಅದನ್ನ ಹಾಕಸಾಕ ಓಡಾಡಿದಾಕಿ ನೀನಽ ಅಲ್ಲೇನು?"

"ಬೈಕಿನವ್ರು ವಾಕಿಂಗ್ ಬಂದ ಮುದುಕರಿಗೆ ಹಾಯತಿದ್ರು. ಏನ್ ಮಾಡ್ಲಿ?"

"ಹಂಗಾದ್ರ ಆ ಬೋರ್ಡ್ ತಗಸೂಣು ನಡಿ."

"ಬ್ಯಾಡ, ಅದು ಇರಲಿ. ಕೆಳಗ ಇನ್ನೊಂದು ಸಾಲು ಬರಸೂಣು. ನಡ್ಯಾಕ ಆಗದವರ ಗಾಡಿ ಬಿಡ್ರಿ ಅಂತ."

"ಆಫೀಸಿನವ್ರು ಒಪ್ಪಲಿಲ್ಲಂದ್ರ?"

"ಒಪ್ಪೂತನಕಾ ಗೇಟಿನ ಮುಂದ ಕುಂದರ್ತೀನಿ. ಬೈಕ್ ಒಳಗ ಹೋಗದಂಗೂ ನೋಡ್ಕೋತೀನಿ."

ಅಣ್ಣ ಎದ್ದ. ನೀಲಾ ಗಾಡಿಯನ್ನು ಪಾರ್ಕಿನ ಆಫೀಸಿನ ಕಡೆಗೆ ತಿರುಗಿಸಿದಳು. ಸುವರ್ಣಾ ಚಾಚಿದ್ದ ಕಾಲುಗಳನ್ನು ಎಳೆದುಕೊಂಡು ದಾರಿ ಬಿಟ್ಟಳು.