ಬಿಳಿದೊರೆಯ ಉಪ್ಪಿನ ಪೇದೆ

ಕೇಳ್ರಪ್ಪಾ, ಕೇಳ್ರವ್ವಾ. ಹೂಂ ಅನ್ನೋರು ಮುಂದ ಕುಂದರ್ರಿ, ತೂಕಡಿಸೋರು ಗ್ವಾಡಿಗೆ ಸರೀರಿ. ಹೂಂ ಅಂದ್ರ ಕಥಿ ನಡೀತೈತಿ, ಸುಮ್ಮನಾದ್ರ ಅಲ್ಲೇ ಮಲಗ್ತೈತಿ.

ಒಂದಾನೊಂದು ಸೀಮಿ. ಹೆಸರು ಕೇಳಬ್ಯಾಡ್ರಿ. ಹೇಳಿದ್ರ ಆ ಊರವರಿಗೆ ಸಿಟ್ಟು, ಹೇಳದಿದ್ರ ಎಲ್ಲಾರೂ ತಮ್ಮೂರೇ ಅಂತಾರ. ಆ ಸೀಮ್ಯಾಗ ಒಂದು ಚೌಳು ನೆಲದ ಊರು. ಜ್ವಾಳ ಬಿತ್ತಿದ್ರ ಸುಡ್ತಿತ್ತು, ಸಜ್ಜಿ ಬಿತ್ತಿದ್ರ ಸುಡ್ತಿತ್ತು, ಹುರುಳಿ ಬಿತ್ತಿದ್ರೂ ಸುಡ್ತಿತ್ತು. ಮತ್ತ ಜನ ಹ್ಯಾಂಗ ಬದುಕಿದ್ರು? ಉಪ್ಪಿನ ಮ್ಯಾಲೆ ಬದುಕಿದ್ರು. ಬ್ಯಾಸಿಗ್ಯಾಗ ನೆಲ ಬೆಳ್ಳಗ ಉಕ್ಕತಿತ್ತು. ಆ ಮಣ್ಣು ಕೆರೆದು, ನೀರು ಹಾಕಿ ಬಸಿದು, ಬಸಿದ ನೀರು ಗಾರೆ ಬಳಿದ ಮಡಿಯಾಗ ಬಿಟ್ರ, ಸೂರ್ಯಪ್ಪ ನೀರು ಕುಡಿದು ಉಪ್ಪು ಬಿಟ್ಟು ಹೋಗ್ತಿದ್ದ.

ಆ ಊರಾಗ ಹುಲಿಗೆವ್ವ ಅಂತ ಒಬ್ಬಾಕಿ ಉಪ್ಪಾರ ಹೆಣ್ಣುಮಗಳು. ಅವ್ವ ಅಪ್ಪ ವಾಂತಿಬ್ಯಾನಿ ಬಂದು ಒಬ್ಬರ ಹಿಂದ ಒಬ್ಬರು ಹೋದ್ರು. ಹಾಲುಹಲ್ಲು ಬಿದ್ದಿರದ ತಮ್ಮ ಜಡೆಪ್ಪ ಈಕಿ ಸೆರಗು ಹಿಡಕೊಂಡು ಉಳಿದ. ಹುಲಿಗೆವ್ವನ್ನ ನೋಡಾಕ ಗಂಡು ಬಂತು. "ತಮ್ಮನ್ನೂ ಕರಕೊಂಡು ಬರ್ತೀನಿ" ಅಂದ್ಳು, ಗಂಡಿನ ಕಡಿಯವರು ಎದ್ದು ಹೋದ್ರು. ಎರಡನೇ ಗಂಡು ಬಂತು, ಅದೇ ಮಾತು, ಎದ್ದು ಹೋತು. ಮೂರನೇದೂ ಎದ್ದು ಹೋತು. ನಾಕನೇದು ಬರಲೇ ಇಲ್ಲ. ಹುಲಿಗೆವ್ವ ಉಪ್ಪು ಕೆರೆದ್ಳು, ತಮ್ಮನ್ನ ಬೆಳೆಸಿದ್ಳು.

ಆಗ ಬಿಳಿದೊರೆ ಇನ್ನೂ ಬಂದಿರಲಿಲ್ಲ. ಹಂಗಂತ ರಾಮರಾಜ್ಯ ಇತ್ತೇನು? ಎಲ್ಲಿ ಇತ್ರಪ್ಪಾ! ಆ ಸೀಮಿ ಆಳ್ತಿದ್ದ ನಾಯಕನ ಆಳು ಬಂದು ತುಂಬಿದ ಪುಟ್ಟಿ ಹೊತಗೊಂಡು ಹೋಗ್ತಿದ್ದ, ಕೇಳಿದ್ರ ಬೆನ್ನಿಗೆ ಬಾರಕೋಲು. ಗೌಡನ ಮನಿ ಮುಂದ ಉಪ್ಪಾರರು ಕೆರವು ಕೈಯಾಗ ಹಿಡಕೊಂಡು ದಾಟಬೇಕು. ದಾಟುವಾಗ ಅಕ್ಕ ತಮ್ಮನ ತಲಿ ತಾನೇ ಬಗ್ಗಸ್ತಿದ್ಳು. "ನೆಲ ನೋಡೋ ತಮ್ಮಾ, ನೆಲ ನೋಡು."

ನಾಯಕ ಹೋದ, ಬಿಳಿದೊರೆ ಬಂದ. ಹುಲಿ ಹೋತು, ಚಿರತಿ ಬಂತು ಅಂದ್ರು ಜನ. ಆಳೆತ್ತರ ಬೆಳೆದಿದ್ದ ಜಡೆಪ್ಪನ್ನ ಸಂತ್ಯಾಗ ನೋಡಿ ದೊರೆಯ ಅಮೀನ ಕೇಳಿದ, "ಏನಲೇ, ಪೇದೆ ಆಗ್ತೀಯೇನು?"

"ನಾ ಉಪ್ಪಾರವ ಸ್ವಾಮಿ."

"ದೊರೆಗೆ ಆಳು ಬೇಕು, ಕುಲ ಬ್ಯಾಡ."

ಕೇಳಿದ್ರೇನು? ಕುಲ ಬ್ಯಾಡ! ಅಂಥ ಮಾತು ಆ ಸೀಮ್ಯಾಗ ಯಾರೂ ಆಡಿರಲಿಲ್ಲ. ಜಡೆಪ್ಪಗ ಕೆಂಪು ರುಮಾಲು ಬಂತು, ಸೊಂಟಕ್ಕ ಪಟ್ಟಿ ಬಂತು, ಎದಿಗೆ ಹಿತ್ತಾಳಿ ಬಿಲ್ಲೆ ಬಂತು, ಕಾಲಿಗೆ ಬೂಟು ಬಂತು. ಬೂಟು ಕಿರ್ ಕಿರ್ ಅನಿಸ್ಕೋತ ಗೌಡನ ಮನಿ ಮುಂದ ಹಾದ. ಗೌಡ ಬೂಟು ನೋಡಿದ, ಬಿಲ್ಲೆ ನೋಡಿದ. "ಆರಾಮ ಏನಪ್ಪಾ ಜಡೆಪ್ಪಾ?" ಅಂದ. ಗೌಡನ ಬಾಯಾಗ 'ಅಪ್ಪಾ'! ಅಕ್ಕ ಬಾಗಿಲಾಗ ನಿಂತಿದ್ಳು. ತಮ್ಮಗ ದೃಷ್ಟಿ ಆದೀತಂತ ಮೆಣಸಿನಕಾಯಿ ಇಳಿ ತೆಗೆದು ಬೆಂಕಿಗೆ ಹಾಕಿದ್ಳು, ಕೆಮ್ಮಿದ್ಳು, ಕಣ್ಣೀರು ಒರೆಸ್ಕೊಂಡ್ಳು. ಅದು ಮೆಣಸಿನಕಾಯಿ ಘಾಟಿಗೆ ಬಂದ ಕಣ್ಣೀರಲ್ಲ ಬಿಡ್ರಿ.

ಮುಂದ ಜಡೆಪ್ಪನ ಮದುವಿ ಆತು. ಹೆಂಡ್ತಿ ಪಾರವ್ವ ಬಸುರಾದ್ಳು. ಹೆರಿಗಿ ಬ್ಯಾನಿ ಸುರುವಾಗಿ, ಸೂಲಗಿತ್ತಿ ಕೈಚೆಲ್ಲಿ, "ಕೂಸು ಅಡ್ಡ ಐತಿ, ದೇವರಿಗೆ ಬಿಡ್ರಿ" ಅಂದ್ಳು. ಹುಲಿಗೆವ್ವ ಬಿಡಲಿಲ್ಲ. ಗಾಡಿ ಕಟ್ಟಿಸಿದ್ಳು. ದೊರೆ ಹಾಕಿಸಿದ ಹೊಸ ದಾರಿ ಹಿಡದು ತಾಲೂಕಿನ ದವಾಖಾನಿಗೆ ಹೊಡಿಸಿದ್ಳು. ಹಳೇ ಕೊರಕಲು ದಾರಿಯಾಗಿದ್ರ ಗಾಡಿಯಾಗೇ ಮುಗೀತಿತ್ತು. ಅಲ್ಲಿ ಬಿಳಿ ಡಾಕ್ಟರಮ್ಮ ತೋಳು ಮ್ಯಾಲೇರಿಸಿ, ತಾಯಿನ್ನ ಉಳಿಸಿದ್ಳು, ಮಗಳನ್ನ ಉಳಿಸಿದ್ಳು. ಹುಲಿಗೆವ್ವ ಸೆರಗಿನ ಗಂಟು ಬಿಚ್ಚಿ ತನ್ನ ಮಡಿಯ ಉಪ್ಪು ಆಕಿ ಮುಂದಿಟ್ಳು. "ತಾಯಿ, ನನ್ನ ಕಡಿ ಬ್ಯಾರೆ ಏನೂ ಇಲ್ಲ." ಡಾಕ್ಟರಮ್ಮ ಒಂದು ಹರಳು ನಾಲಿಗಿ ಮ್ಯಾಲೆ ಇಟ್ಕೊಂಡು ನಕ್ಕಳು. ಕೂಸಿಗೆ ಕೆಂಚವ್ವ ಅಂತ ಹೆಸರಿಟ್ಟಾಕಿ ಹುಲಿಗೆವ್ವನೇ.

ಹೂಂ ಅಂತೀರೇನು? ಅನ್ರಿ. ಇನ್ನ ಮ್ಯಾಲೆ ಹೂಂ ಅನ್ನಾಕ ಬಾಯಿ ಬರಂಗಿಲ್ಲ.

ಕೂಸು ಅಂಬೆಗಾಲಿಡೋ ಹೊತ್ತಿಗೆ ಅಪ್ಪಣಿ ಬಂತು. ಸಮುದ್ರದ ಕಡಿಯಿಂದ ಸರಕಾರದ ಉಪ್ಪು ರೈಲಿನಾಗ ಬರ್ತೈತಿ, ಸುಂಕ ಕೊಟ್ಟು ಅದನ್ನೇ ಕೊಳ್ರಿ. ಮಣ್ಣು ಕೆರೆದು ಉಪ್ಪು ಮಾಡಿದವ ಕಳ್ಳ. ಯಾರ ಮಣ್ಣು? ಯಾರ ಬಿಸಲು? ಯಾರು ಕಳ್ಳ? ಕೇಳೋರು ಯಾರು! ಅಪ್ಪಣಿ ಸಾರಾಕ ಬಂದವ ಜಡೆಪ್ಪ. ಅವ ಈಗ ಉಪ್ಪಿನ ಪೇದೆ, ಕಳ್ಳ ಉಪ್ಪು ಹಿಡಿಯೋದೇ ಅವನ ಕೆಲಸ.

ಮೊದಲ ಸಲ ಬಂದ. "ಅಕ್ಕಾ, ಮಡಿ ನಿಲ್ಲಸು."

ಹುಲಿಗೆವ್ವ ನಕ್ಕಳು. "ಭೂಮ್ತಾಯಿ ಬೆವರಿಗೂ ಸುಂಕ ಏನೋ? ಉಂಡು ಹೋಗು, ಬಾ."

ಉಂಡ, ಹೋದ. ಎರಡನೇ ಸಲ ಬಂದ. "ಅಕ್ಕಾ, ನನ್ನ ನೌಕರಿ ಹೋಗ್ತೈತಿ."

"ಮಡಿ ನಿಲ್ಲಿಸಿದ್ರ ಇಲ್ಲಿ ಇಡೀ ಕೇರಿ ಒಲಿ ಆರತೈತಿ. ನಿನ್ನ ಒಬ್ಬನ ರುಮಾಲು ದೊಡ್ಡದೋ, ಕೇರಿ ಒಲಿ ದೊಡ್ಡದೋ? ನೀನೇ ಹೇಳು."

ಜಡೆಪ್ಪ ರುಮಾಲು ಸರಿಮಾಡ್ಕೊಂಡು ಹೋದ. ಮೂರನೇ ಸಲ ಒಬ್ಬನೇ ಬರಲಿಲ್ಲ. ಕುದುರಿ ಮ್ಯಾಲೆ ದೊರೆ, ಪಕ್ಕದಾಗ ಅಮೀನ, ಮುಂದ ಮಣ್ಣು ಅಗಿಯೋ ಸನಿಕಿ ಹಿಡದು ಜಡೆಪ್ಪ.

ದೊರೆ ಬೇವಿನ ನೆಳ್ಳಾಗ ನಿಂತ. ಒಂದು ಮಡಿ ಒಡೆಸಿದ, ಎರಡನೇದು ಒಡೆಸಿದ. ಮೂರನೇ ಮಡಿ ಮುಂದ ಹುಲಿಗೆವ್ವ ಕೂತಿದ್ಳು. ಮಡಿಯಾಗ ಉಪ್ಪು ಆಗಷ್ಟೇ ಹೆಪ್ಪುಗಟ್ಟಿತ್ತು, ಬಿಸಲಿಗೆ ಫಳಫಳ. ದೊರೆ ಏನೋ ಅಂದ. ಅಮೀನ ಜಡೆಪ್ಪನ್ನ ಕೇಳಿದ, "ಈ ಹೆಂಗಸು ಯಾರು? ನಿನಗ ಏನಾಗಬೇಕು?"

ನೋಡ್ರಿ, ಕೈಯಾಗ ಬೇಡಿ ಇರಲಿಲ್ಲ. ಕುತ್ತಿಗಿ ಮ್ಯಾಲೆ ಕತ್ತಿ ಇರಲಿಲ್ಲ. ಬಾಯಿ ಅವನದೇ. ಜಡೆಪ್ಪ ಅಕ್ಕನ ಮುಖ ನೋಡಲಿಲ್ಲ, ಬೂಟು ನೋಡಿದ.

"ಯಾರೋ ಗೊತ್ತಿಲ್ಲ ಸ್ವಾಮಿ."

ಅಮೀನ ಹುಲಿಗೆವ್ವನ ಕಡಿ ತಿರುಗಿದ. "ನೀ ಹೇಳು, ಇವನು ನಿಮ್ಮವನೇನು?"

ಹುಲಿಗೆವ್ವ ಎದ್ದಳು, ಸೀರಿ ಮಣ್ಣು ಝಾಡಿಸಿದ್ಳು. "ಇಲ್ರೀ ಸಾಹೇಬ್ರ. ನಮ್ಮ ಪೈಕಿ ಅಲ್ಲ."

ತಮ್ಮನ ನೌಕರಿ ಉಳಿಸಾಕ ಹಂಗಂದ್ಳೋ, ತಮ್ಮನ್ನ ಕಡಕೊಂಡು ಹಂಗಂದ್ಳೋ? ಜಡೆಪ್ಪಗ ಅವತ್ತೂ ತಿಳೀಲಿಲ್ಲ, ಮುಂದೂ ತಿಳೀಲಿಲ್ಲ. ಸನಿಕಿ ಎತ್ತಿದ, ಮಡಿ ಒಡೆದ. ಉಪ್ಪು ಮಣ್ಣಾತು. ಹುಲಿಗೆವ್ವನ್ನ ಠಾಣೆಗೆ ಒಯ್ದ್ರು, ಕೆಲವು ದಿನ ಇಟ್ಟು ಬಿಟ್ರು. ಹೊರಗ ಬಂದಾಕಿ ಕೇರಿ ಜನದ ಕೂಡ ರೈಲು ದಾರಿಗೆ ಮಣ್ಣು ಹೊರಾಕ ಹೊಂಟ್ಳು. ಇಡೀ ಕೇರಿ ಹೊಂಟಿತು, ಮುಂದ ಒಬ್ಬೊಬ್ಬರು ಒಂದೊಂದು ಬಿಡಾರಕ್ಕ ಚದುರಿದ್ರು. ಒಲಿಗಲ್ಲು ಅಷ್ಟೇ ಉಳಿದ್ವು.

ಜಡೆಪ್ಪ ತಾಲೂಕಿನ ಊರಾಗ ಮನಿ ಮಾಡಿದ. ಮಗಳಿಗೆ ಸಾಲಿ ಕಲಿಸಿದ. ಪಾರವ್ವ ಒಂದೆರಡು ಸಲ "ಅಕ್ಕನ್ನ ಹುಡುಕೋಣೇನು?" ಅಂದ್ಳು. ಇವ ಎದ್ದು ಹೊರಗ ಹೋದ. ಆಮ್ಯಾಲೆ ಆಕಿಯೂ ಕೇಳಲಿಲ್ಲ, ಒಂದಿನ ಆಕಿ ತೀರಿಕೊಂಡ್ಳು, ಕೇಳೋರೇ ಇಲ್ಲದಂಗ ಆತು. ಮಾಡಿದ ಪಾಪ ಆಡಿದ್ರ ಹೋಗ್ತೈತಿ ಅಂತಾರ. ಇವ ಆಡಲೇ ಇಲ್ಲ. ತಲಿ ಬೆಳ್ಳಗಾತು.

ಕಡೀಕ ಬಿಳಿದೊರೆನೂ ಹೋದ. ಬಾವುಟ ಏರಿತು, ಸಕ್ಕರಿ ಹಂಚಿದ್ರು. ಆಲದ ಕಟ್ಟಿ ಮ್ಯಾಲೆ ಜನ ಕೂತು ತೂಗಾಕ ಹತ್ತಿದ್ರು. ದೊರೆಗಳಿಂದ ಒಳ್ಳೇದಾತೋ, ಕೆಟ್ಟದಾತೋ?

ಮಾಸ್ತರ ಅಂದ್ರು, "ರೈಲು ಕೊಟ್ರು, ಸಾಲಿ ಕೊಟ್ರು, ದವಾಖಾನಿ ಕೊಟ್ರು."

ವಕೀಲರು ಅಂದ್ರು, "ನೆಲ ತಿಂದ್ರು, ಮಗ್ಗ ತಿಂದ್ರು, ಉಪ್ಪೂ ತಿಂದ್ರು. ದೋಚಿದ್ದು ಒಯ್ಯಾಕ ಬೇಕಲ್ಲ, ಅದಕ್ಕ ರೈಲು!"

ಜಗಳ ಕಟ್ಟಿ ಇಳೀಲಿಲ್ಲ. ಯಾರೋ ಒಬ್ಬ ಕೂಗಿದ, "ಅಲ್ಲಿ ಪೇದೆ ಜಡೆಪ್ಪಜ್ಜ ಕೂತಾನಲ್ಲ! ಅವರ ಉಪ್ಪು ಉಂಡಾಂವ. ನೀ ಹೇಳಜ್ಜಾ."

ಜಡೆಪ್ಪ ಎದ್ದ. "ಮಾಸ್ತರ ಹೇಳಿದ್ದು ಖರೆ. ನನ್ನ ಮಗಳು ಜೀವಂತ ಅದಾಳ. ವಕೀಲರು ಹೇಳಿದ್ದೂ ಖರೆ. ನಮ್ಮ ಕೇರಿ ಹಾಳಾತು. ಎರಡೂ ತೂಗ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಮಡಿ ಒಡೆದ ಕೈ ಬಿಳೇದಿರಲಿಲ್ರಪ್ಪಾ. ನನ್ನ ಒಡಹುಟ್ಟಿದಾಕಿ ಮುಂದ ನಿಂತಿದ್ಳು. ಯಾರೋ ಗೊತ್ತಿಲ್ಲ ಅಂದೆ. ಅದನ್ನ ದೊರೆ ಹೇಳಿಕೊಟ್ಟಿರಲಿಲ್ಲ. ಅದನ್ನ ತಕ್ಕಡಿಯ ಯಾವ ಪರಡಿಗೆ ಹಾಕ್ತೀರಿ?"

ವಕೀಲರ ಅಪ್ಪ ದೊರೆಗೆ ಶಿಕಾರಿ ಆಡಾಕ ಏರ್ಪಾಟು ಮಾಡಿಕೊಟ್ಟಾಂವ, ಅವರು ತಲಿ ತಗ್ಗಿಸಿದ್ರು. ಮಾಸ್ತರರೂ ತಗ್ಗಿಸಿದ್ರು. ಅವರಿಗೆ ಏನು ನೆನಪಾತೋ, ಅವರಿಗೇ ಗೊತ್ತು.

ಹೆಂಗಸರ ನಡುವಿನಿಂದ ಕೆಂಚವ್ವ ಎದ್ದು ಬಂದ್ಳು. "ಅಪ್ಪಾ, ನನಗ ಸ್ವಾದರತ್ತಿ ಇದ್ಳೇನು?"

"ಇದ್ಳವ್ವಾ. ನಿನ್ನ ಜೀವ ಉಳಿಸಿದಾಕಿ ಡಾಕ್ಟರಮ್ಮ ಒಬ್ಬಾಕೇ ಅಲ್ಲ."

"ಹಂಗಾದ್ರ ನಡಿ, ಹುಡುಕೋಣು."

ಅಪ್ಪ ಮಗಳು ರೈಲು ಹಳಿ ಹಿಡದು ಹೊಂಟ್ರು. ಒಂದು ಬಿಡಾರದಾಗ ಕೇಳಿದ್ರು, ಕಂಡಿಲ್ಲ ಅಂದ್ರು. ಇನ್ನೊಂದರಾಗ ಕೇಳಿದ್ರು, ಮುಂದ ಹೋಗ್ರಿ ಅಂದ್ರು. ಮೂರನೇ ಬಿಡಾರದಾಗ ಜ್ವಾಳ ಬೀಸ್ತಿದ್ದ, ಬ್ಯಾರೆ ಸೀಮಿಯ ಒಬ್ಬಾಕಿ ಮುದುಕಿ ಕೈ ನಿಲ್ಲಿಸಿದ್ಳು.

"ಹುಲಿಗೆವ್ವನಾ? ನಮಗೆಲ್ಲಾ ತಾಯಿ ಇದ್ದಂಗ ಇದ್ಳು. ಹ್ವಾದ ಮಳಿಗಾಲದಾಗ ಮಣ್ಣಿಗಿಟ್ವಿ. ನೀ ಯಾರಪ್ಪಾ ಆಕಿಗೆ?"

ಎಷ್ಟೋ ವರ್ಷದಿಂದ ಗಂಟಲಾಗ ಸಿಕ್ಕಿದ್ದ ಮಾತು. ಜಡೆಪ್ಪ ಎದಿ ತುಂಬಿ ಅಂದ, "ತಮ್ಮ. ನಾ ಆಕಿ ತಮ್ಮ."

ಮುದುಕಿ ಮುಖ ಬಿಗೀತು. "ಸುಳ್ಳಾಡಬ್ಯಾಡ ಮುತ್ಯಾ. ಆಕಿ ತಮ್ಮ ಕೂಸಿದ್ದಾಗೇ ಹೋದ. ವಾಂತಿಬ್ಯಾನಿಗೆ, ಅವ್ವ ಅಪ್ಪನ ಕೂಡ. ಭಾಳ ಗುಣವಂತ ಇತ್ತಂತ ಕೂಸು. ಅದನ್ನ ನೆನೆಸಿ ನೆನೆಸಿ ಅಳ್ತಿದ್ಳು."

ಕೆಂಚವ್ವ ಬಾಯಿ ತೆಗೆದ್ಳು. ಜಡೆಪ್ಪ ಆಕಿ ಕೈ ಹಿಡದು ಅದುಮಿದ. ಯಾವ ಆಣಿ ಹಾಕ್ಯಾನು? ಯಾವ ಸಾಕ್ಷಿ ತಂದಾನು? ಸಾಕ್ಷಿ ಹೇಳಬೇಕಾದಾಕಿ ಮಣ್ಣಾಗ ಮಲಗ್ಯಾಳ.

ಮಂದಿ ಒಳ್ಳೇವರು. "ಯಾರಾದ್ರೂ ಆಗಲಿ, ದೂರದಿಂದ ಬಂದಾರ" ಅಂತ ಇಬ್ಬರನ್ನೂ ಗುಂಡಿ ತನಕ ಕರಕೊಂಡು ಹೋದ್ರು. ಮಣ್ಣು ಇನ್ನೂ ಗಟ್ಟಿಯಾಗಿರಲಿಲ್ಲ. ಮುದುಕಿ ಹೂವು ಹಂಚಿ ಅಂದ್ಳು, "ಪದ್ಧತಿ ಐತ್ರಪ್ಪಾ. ಆಕಿ ಪೈಕಿಯವರು ಮೊದಲು, ಪರ ಊರವರು ಆಮ್ಯಾಲೆ."

ಬಿಡಾರದ ಮಕ್ಕಳು ಮರಿ ಎಲ್ಲಾ ಮುಂದ ಹೋದ್ರು. ಜಡೆಪ್ಪ ಮಗಳನ್ನ ಅವರ ಕೂಡ ಮುಂದ ಕಳಿಸಿ, ತಾ ಹಿಂದ ಸರದು, ಪರ ಊರವರ ಸಾಲಿನಾಗ ನಿಂತ. ಆ ಸಾಲಿನಾಗ ಅವನು ಒಬ್ಬನೇ ಇದ್ದ.

ತಕ್ಕಡಿ ಹಿಡಿಯೋರು ಹಿಡೀರಿ, ತೂಗೋರು ತೂಗ್ರಿ. ನಾ ಹೊತ್ತು ತಂದ ಕಥಿ ಇಲ್ಲಿ ಇಳಿಸೀನಿ, ಎತ್ತಿಕೊಂಡು ಹೋಗೋ ಹೆಗಲು ನಿಮ್ಮದು.