ಅಮಲ್ದಾರರ ರಿಂಗು

ಕಡೂರಿನ ಬಸ್‌ಸ್ಟ್ಯಾಂಡಿನಲ್ಲಿ ಸಿಂಗಟಗೆರೆ ಬಸ್ಸಿಗೆ ಕಾಯುತ್ತಿದ್ದ ಹುಲಿಗೆಮ್ಮನ ಕಿವಿಯೆಲ್ಲ ಪಕ್ಕದ ಬೆಂಚಿನ ಮೇಲಿತ್ತು. ಅಲ್ಲಿ ಮೆಕ್ಯಾನಿಕ್ ಅಸದುಲ್ಲಾ ಅಮಲ್ದಾರರ ಹಳೇ ಮೋಟಾರ್ ಸೈಕಲ್ಲಿನ ಸಿಲಿಂಡರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಎದುರಿಗೆ ಅಮಲ್ದಾರರ ಜವಾನ ಬೀರಯ್ಯ ನಿಂತಿದ್ದ.

"ಅಮಲ್ದಾರ್ ಸಾಹೇಬ್ರೇ ಮೈಸೂರಿಂದ ತರ್ಸಿರೋ ಪಿಸ್ಟನ್ ರಿಂಗು ಸಾಬ್ರೇ. ಗಾಡಿ ಜೊತೆ ಬಂದ ಪುಸ್ತಕದಾಗಿರೋ ಸೈಜೇ. ಸುಮ್ನೆ ಹಾಕ್ಕೊಡಿ."

"ಪುಸ್ತಕ ಬರ್ದಾಗ ಗಾಡಿ ಹೊಸ್ದು. ಆಮೇಲೆ ಸಿಲಿಂಡರ್ ಸವೆದು ಎರಡು ಸಲ ಬೋರ್ ಮಾಡ್ಸಿ ಒಳಗೆ ಅಗಲ ಮಾಡ್ಸವ್ರೆ. ನೋಡಿಲ್ಲಿ."

ಅಸದುಲ್ಲಾ ರಿಂಗನ್ನು ಸಿಲಿಂಡರಿನೊಳಕ್ಕೆ ಇಳಿಸಿದ. ರಿಂಗಿನ ಎರಡು ತುದಿಗಳ ನಡುವೆ ಅವನ ಕಿರುಬೆರಳಿನ ಉಗುರು ಸಲೀಸಾಗಿ ತೂರಿತು.

"ಇಷ್ಟು ಸಂದು ಇರೋದನ್ನ ಹಾಕಿದ್ರೆ ಬರೀ ಹೊಗೆ. ಇನ್ನೂ ದೊಡ್ಡ ಸೈಜ್ ಬೇಕು."

"ಇದನ್ನೇ ಹಾಕ್ಬೇಕು ಅಂತ ಚೀಟಿ ಬರ್ದವ್ರೆ."

"ಹಂಗಾದ್ರೆ ಚೀಟಿನೇ ಒಳಗೆ ಹಾಕ್ಕೊಡ್ತೀನಿ."

"ನಾಳೆ ನಿಮ್ಮ ಅಂಗಡಿ ಬಾಗ್ಲು ಹಾಕಿಸ್ತಾರೆ, ಅಷ್ಟೇ."

"ಹಾಕಿಸ್ಲಿ. ನನ್ನ ಕೈಯಾಗೆ ಈ ರಿಂಗು ಹತ್ತಲ್ಲ."

ಬೀರಯ್ಯನ ಬಸ್ಸು ಬಂತು.

"ನಾನು ಹೋಗಿ ಏನಂತ ಹೇಳ್ಲಿ?"

ಅಸದುಲ್ಲಾ ರಿಂಗನ್ನು ತೆಗೆಯದೆ ಸಿಲಿಂಡರನ್ನು ಹಾಗೇ ಅವನ ಕೈಗಿಟ್ಟ.

"ನೀನೇನೂ ಹೇಳ್ಬೇಡ. ಸಾಹೇಬ್ರು ತಮ್ಮ ಉಗುರೇ ಹಾಕಿ ನೋಡ್ಕಳ್ಲಿ."

ಬಸ್ಸಿನ ಮೆಟ್ಟಿಲ ಮೇಲೆ ನಿಂತು ಬೀರಯ್ಯ ಮೊದಲು ತನ್ನ ಉಗುರು ಹಾಕಿ ನೋಡಿದ್ದನ್ನು ಹುಲಿಗೆಮ್ಮ ಕಂಡಳು.