ದಾರಿಹೋಕರ ತಾಟು

ಯಶವಂತನಗರದಿಂದ ಬಂಡ್ರಿ ಕಡೆ ಹೊರಟಿದ್ದ ಕಂಪನಿ ಬಸ್ಸು ಹಳ್ಳದ ಈಚೆಗೇ ನಿಂತುಬಿಟ್ಟಿತು. ಸೇತುವೆ ಮೇಲೆ ಮೊಣಕಾಲುಮಟ್ಟ ಕೆಂಪು ನೀರು. ಸಂಜೆ ಆರು ಗಂಟೆ, ಮಳೆ ಬಿಡುವ ಹಂಗಿರಲಿಲ್ಲ. ಅದಿರಿನ ಲ್ಯಾಬಿಗೆ ಹೊಸದಾಗಿ ಸೇರಿದ್ದ ಸುಧಾರಾಣಿ, ಡ್ರೈವರ್ ಗಾದಿಲಿಂಗ, ಮೂವರು ಕೂಲಿಯವರು, ಒಟ್ಟು ಐದು ಜನ, ದಾರಿ ಬದಿಯ ಒಂಟಿ ಮನೆಗೆ ಓಡಿದರು. ಬಾಗಿಲು ತೆರೆದೇ ಇತ್ತು. ಎರ್ರೆಮ್ಮ ಅನ್ನುವ ಮುದುಕಿ, ಯಾರು ಎತ್ತ ಅಂತ ಕೇಳದೆ, "ಒಳಗ ಬರ್ರಿ, ಕುಂದ್ರಿ, ಮೊದ್ಲು ಊಟ" ಅಂದಳು.

ಗೋಡೆಯ ಮೇಲೆ ಶಿಲುಬೆ, ಪಕ್ಕದಲ್ಲಿ ಗಂಡನ ಫೋಟೋ. ಬಿಸಿ ರೊಟ್ಟಿ, ಪುಂಡಿಪಲ್ಯ, ಅನ್ನ, ಬೇಳೆಸಾರು. ಐದು ಜನವೂ ಹೊಟ್ಟೆ ತುಂಬ ಉಂಡು ಕೈ ತೊಳೆದರು. ಬಾಗಿಲ ಹತ್ತಿರ ಆರನೆಯ ತಾಟೊಂದು ಖಾಲಿ ಇತ್ತು. ಸುಧಾರಾಣಿಗೆ ತಡೆಯಲಾಗಲಿಲ್ಲ. "ಆ ತಾಟು ಯಾರಿಗಜ್ಜಿ?"

"ಕೇಳದಿದ್ರ ಛಲೋ ಇತ್ತು. ಕೇಳಿದಿ, ಹೇಳ್ತೀನಿ. ಆ ಮೊಬೈಲ್ ಒಳಗಿಡು, ನಾ ಮಾತಾಡುವಾಗ ಅದನ್ನ ತಿಕ್ಕಿದ್ರ ನಂಗ ಸಿಟ್ಟು ಬರ್ತದ...

"ನಮ್ಮತ್ತಿ ಜಂಬವ್ವಗ ಓದಾಕ ಬರ್ತಿದ್ದಿಲ್ಲ. ಆದ್ರ ಸತ್ಯವೇದದ ಒಂದು ಮಾತು ಹಿಡದು ಕುಂತಿದ್ಲು. ಗುರ್ತಿಲ್ಲದವರಿಗೆ ಉಣ್ಣಾಕ ಹಾಕ್ರಿ, ಯಾರಿಗ್ಗೊತ್ತು, ದೇವದೂತರ ಬಂದಿರ್ತಾರ ಅಂತ. ಅದಕ್ಕ ಉಣ್ಣೋ ಹೊತ್ತಿಗೆ ನಮ್ಮನಿ ಬಾಗಿಲ ಹಾಕ್ತಿದ್ದಿಲ್ಲ, ಒಂದು ತಾಟು ಹೆಚ್ಚಿಗಿ ಇಡ್ತಿದ್ವಿ. ದಾರಿಹೋಕರ ತಾಟು. ಎಂಥೆಂಥವರು ಉಂಡ್ರು ಅದರಾಗ... ಬಿಹಾರದ ಲಾರಿಯವರು, ಹಂಪಿಗೆ ನಡಕೊಂಡು ಹೊಂಟ ಸಾಧುಗಳು, ಕುಡದು ದಾರಿ ತಪ್ಪಿದವರು. ಜಾತಿ ಕೇಳಲಿಲ್ಲ, ಹೆಸರು ಕೇಳಲಿಲ್ಲ. ನನ್ನ ಗಂಡ ಪಾಲಪ್ಪ ತನ್ನ ಪಾಲಿನ ರೊಟ್ಟಿ ಮುರದು ಹಾಕ್ತಿದ್ದ.

"ಹನ್ನೆರಡು ವರ್ಷದ ಹಿಂದ, ಇಂಥದ ಮಳಿ. ಹೊಸಪೇಟೆಯಿಂದ ಪಾಸ್ಟರ್ರು ಊಟಕ್ಕ ಬಂದ್ರು. ಈ ತಾಟಿನ ಸುದ್ದಿ ಅವರ ಕಿವಿಗೂ ಬಿದ್ದಿತ್ತು, ಭಾನುವಾರ ಪ್ರಸಂಗದಾಗ ಹೇಳಬೇಕಂದಿದ್ರು. ನಂಗ ಎಷ್ಟು ಹೆಮ್ಮಿ... ನೆಲ ಸಾರಿಸಿದ್ನಿ, ಕೋಳಿ ಕೊಯ್ಸಿದ್ನಿ, ಅವರಿಗೆ ಇದ ತಾಟಿನ್ಯಾಗ ಬಡಸಿದ್ನಿ. ಪಾಸ್ಟರ್ರು ದಾರಿಹೋಕರೇನು? ಕಾರಿನ್ಯಾಗ ಬಂದವರು. ಅಷ್ಟೊತ್ತಿಗೆ ಬಾಗಿಲಿಗೆ ಒಬ್ಬಾಂವ ಬಂದು ನಿಂತ. ತಲಿಯಿಂದ ಕಾಲಿನ ತನಕ ಅದಿರಿನ ಧೂಳು, ಮಳಿಗೆ ನೆಂದು ರಾಡಿ. 'ತಾಯಿ, ಉಂಡು ಮೂರು ದಿನ ಆತು' ಅಂದ. ನಾ ಸಾರಿಸಿದ ನೆಲ ನೋಡಿದ್ನಿ, ಅವನ ಕಾಲು ನೋಡಿದ್ನಿ. 'ಎಲ್ಲಾರದೂ ಆಗ್ಲಿ, ಆಮ್ಯಾಲ ನಿಂದು. ಹುಣಸಿಮರದ ಕೆಳಗ ಕುಂದ್ರು' ಅಂದ್ನಿ. ಹೇಳೋದು ಶಾಸ್ತ್ರ, ತಿನ್ನೋದು ಬದನಿಕಾಯಿ. 'ಆಗ್ಲಿ ತಾಯಿ, ಕಾಯ್ತೀನಿ' ಅಂದು ಹೋದ.

"ಊಟ ಆತು, ಪ್ರಾರ್ಥನಿ ಆತು, ಪಾಸ್ಟರ್ರು ಅದ ವಚನ ಬಿಡಿಸಿ ಹೇಳಿದ್ರು, ನಮ್ಮತ್ತಿ ಕಣ್ಣೀರ ಹಾಕಿದ್ಲು. ಅವನ ನೆನಪು ಯಾರಿಗಿತ್ತು? ಆಮ್ಯಾಲ ತಾಟು ತೊಳದು, ಅನ್ನ ಹಾಕ್ಕೊಂಡು ಹೋದ್ರ... ಮರಕ್ಕ ಒರಗಿ ಕುಂತಾನ. ಮುಟ್ಟಿದ್ನಿ. ತಣ್ಣಗ ಆಗಿದ್ದ. ಅವನ ಮೈಯಿಂದ ಇಳಿದ ಕೆಂಪು ನೀರು ನಮ್ಮ ಹೊಸ್ತಿಲ ತನಕ ಹರದು ಬಂದಿತ್ತು. ಯಾವೂರಾಂವ, ಯಾರ ಮಗ, ಇವತ್ತಿಗೂ ಗೊತ್ತಿಲ್ಲ. ನಾವ ಮಣ್ಣು ಮಾಡಿದ್ವಿ.

"ಮುಂದಿನ ಮಳಿಗಾಲಕ್ಕ ಪಾಸ್ಟರ್ರು ತೀರಿಕೊಂಡ್ರು. ಅವತ್ತ ಸಂಜಿ ನೋಡ್ತೀನಿ, ಅಂವ ಮರದ ಕೆಳಗ ಕುಂತಾನ. 'ಪಾಸ್ಟರ್ರದಾತು' ಅಂದ. ತಾಟು ಹಿಡಕೊಂಡು ಓಡಿದ್ನಿ, ತಪ್ಪಾತು, ಉಣ್ಣಪ್ಪ ಅಂತ ಕಾಲಿಗೆ ಬಿದ್ನಿ. 'ಎಲ್ಲಾರದೂ ಆಗಿಲ್ಲಲ್ಲ ತಾಯಿ' ಅಂದ. ಅವನ ದನಿಯಾಗ ಸಿಟ್ಟಿಲ್ಲ ನೋಡ್ರಿ, ಅದ ನನ್ನ ಸುಡೋದು. ನಮ್ಮತ್ತಿ ಹೋದ್ಲು, ಅಂವ ಕಟ್ಟಿ ಮ್ಯಾಲ ಬಂದು ಕುಂತ. ಹೋದ ವರ್ಷ ಪಾಲಪ್ಪ ಹೋದ, ಅಂವ ಹೊಸ್ತಿಲಿಗೆ ಬಂದ. ಅವತ್ತು ಉಂಡವರು ನಾಕು ಮಂದಿ... ಉಳದಾಕಿ ನಾ ಒಬ್ಬಾಕಿ."

ಸುಧಾರಾಣಿ ಹೊಸ್ತಿಲ ಕಡೆ ನೋಡಿದಳು. ಅಲ್ಲಿ ಕೆಂಪು ನೀರು ನಿಂತಿತ್ತು. ತಮ್ಮ ಕಾಲಿನದೇ ಇರಬೇಕು ಅಂದುಕೊಂಡಳು. ಗಾದಿಲಿಂಗ, "ಹೋಗ್ಲಿ ಬಿಡಜ್ಜಿ. ಈಗ ನಮಗೆಲ್ಲ ಉಣ್ಣಾಕ ಹಾಕಿದಿಯಲ್ಲ, ಪುಣ್ಯ ಬರ್ತದ" ಅಂದ.

"ಪುಣ್ಯಕ್ಕ ಹಾಕಲಿಲ್ಲಪ್ಪ, ಹೆದರಿ ಹಾಕಿದ್ನಿ." ಮುದುಕಿ ಅವನ ಮುಖ ನೋಡಲಿಲ್ಲ. "ಮೊನ್ನಿ ಅವನನ್ನ ಕೇಳಿದ್ನಿ, ಇನ್ನ ಮುಂದ ಈ ಮನ್ಯಾಗ ಉಂಡವರದೂ ಆಗಬೇಕೇನು ಅಂತ. 'ಎಲ್ಲಾರದೂ ಅಂದ್ರ ಎಲ್ಲಾರದೂ ತಾಯಿ, ಬಡಿಸಿದಾಕಿದು ಕಡೀಗೆ. ಕಾಯ್ತೀನಿ' ಅಂದ. ಸುತ್ತಲಿನ ಊರವರಿಗೆ ಇದು ಗೊತ್ತು, ನಮ್ಮನಿ ನೀರೂ ಮುಟ್ಟಂಗಿಲ್ಲ. ದಿನಾ ಬಾಗಿಲ ತಗದು ದಾರಿ ನೋಡ್ತಿದ್ನಿ, ಯಾರೂ ಬರಲಿಲ್ಲ... ಇವತ್ತು ನೀವು ಬಂದ್ರಿ."

ಹಳ್ಳದ ಕಡೆಯಿಂದ ಯಾರೋ ನೀರು ಇಳೀತು ಅಂತ ಕೂಗಿದರು. ಯಾರೂ ಏಳಲಿಲ್ಲ. ಮುದುಕಿ ಸುಧಾರಾಣಿಯ ಕೈ ಹಿಡಿದುಕೊಂಡಳು.

"ತಪ್ಪು ತಿಳೀಬ್ಯಾಡವ್ವ. ಒಬ್ಬಾಕಿಗೆ ಭಾಳ ಹೆದರಿಕಿ ಆಗ್ತಿತ್ತು. ಈಗ ಸಾಲಿನ್ಯಾಗ ನನ್ನ ಮುಂದ ನೀವು ಐದು ಮಂದಿ ಅದೀರಿ."